ನೂರ ಹದಿಮೂರನೆಯ ಹಾಡು

ಉಡುಪಿ
9 ಆಗಸ್ಟ್ 2025

ಡೆರಿಕ್ ರೊಸಾರಿಯೊ ಅವರಿಗೆ,
ರೊಸಾರಿಯೊ ಆಡಿಯೊ, ಬಸ್ ನಿಲ್ದಾಣದ ಎದುರು, ಕಾರ್ಕಳ

ನಮಸ್ಕಾರ. ನಿಮ್ಮ ಅಂಗಡಿ ಈಗಲೂ ಅಲ್ಲೇ ಇದೆಯೋ ಇಲ್ಲವೋ ನನಗೆ ತಿಳಿಯದು. ಈ ವಿಳಾಸ ಸಿಕ್ಕಿದ್ದು ಒಂದು ಹಳೆಯ ಎಂಪಿ3 ಪ್ಲೇಯರಿನ ಬೆನ್ನಿಗೆ ಅಂಟಿಸಿದ್ದ ಸ್ಟಿಕ್ಕರಿನಿಂದ. ಅದರಲ್ಲಿದ್ದ ಫೋನ್ ನಂಬರು ಈಗ ಇಲ್ಲವಂತೆ. ಆದ್ದರಿಂದ ಪತ್ರ.

2006ರಿಂದ ಎರಡು ವರ್ಷ ನಾನು ನಿಮ್ಮ ಅಂಗಡಿಯಿಂದ ನಾಲ್ಕನೆಯ ಬಾಗಿಲಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಶನಿವಾರ ಮಧ್ಯಾಹ್ನ ಹಾಡುಗಳ ಪಟ್ಟಿಯನ್ನೂ ಪ್ಲೇಯರನ್ನೂ ನಿಮ್ಮಲ್ಲಿ ಕೊಟ್ಟು, ಊಟ ಮುಗಿಸಿ ಬಂದು ಅದನ್ನು ತೆಗೆದುಕೊಂಡು, ಎರಡೂವರೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದೆ. ಕಾಪುವಿನಲ್ಲಿ ಇಳಿದು ಇನ್ನಂಜೆಗೆ ಇನ್ನೊಂದು ಬಸ್ಸು. ನಿಮ್ಮ ಅಂಗಡಿಗೆ ಅಂಥವರು ಎಷ್ಟೋ ಜನ ಬರುತ್ತಿದ್ದರು, ನೆನಪಿರಬೇಕೆಂದಿಲ್ಲ.

ಹೋದ ತಿಂಗಳು ನಾವು ಬಾಡಿಗೆ ಮನೆ ಬದಲಾಯಿಸಿದೆವು. ನಾವು ಎಂದರೆ ನಾನು ಮತ್ತು ನನ್ನ ನಾದಿನಿ ಸುಗಂಧಿ. ಸಾಮಾನು ಕಟ್ಟುವಾಗ ಪ್ಲೇಯರ್ ಅವಳ ಕೈಗೆ ಸಿಕ್ಕಿತು. "ಅತ್ತಿಗೆ, ಇದು ಎಂತ? ಸೊಳ್ಳೆ ಓಡಿಸುವ ಮಿಷನಾ?" ಎಂದು ಕೇಳಿದಳು. ನೀಲಿಯದ್ದು, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ, ಸಣ್ಣ ಸೆಲ್ ಒಂದು ಹಾಕುವಂಥದ್ದು. ಸೆಲ್ ಒಳಗೇ ಉಳಿದು ಬಿಳಿಯ ಹುಡಿ ಕಟ್ಟಿದೆ. ಹೊಸ ಸೆಲ್ ಹಾಕಿ ನೋಡಿದೆ, ಆನ್ ಆಗಲಿಲ್ಲ.

ಮೊಬೈಲಿನಲ್ಲಿ ಈಗ ಬೇಕಾದ ಹಾಡೆಲ್ಲ ಸಿಗುತ್ತದೆ, ನಿಜ. ಆದರೆ ಯಾವುದು ಬೇಕೆಂದು ನಾನು ಯೋಚಿಸಿ ಮುಗಿಸುವ ಮೊದಲೇ ಅದು ತನಗೆ ಬೇಕಾದ ನಾಲ್ಕನ್ನು ಮುಂದಿಡುತ್ತದೆ. ಆ ಪ್ಲೇಯರಿನಲ್ಲಿ ಹಿಡಿಯುತ್ತಿದ್ದದ್ದು ನೂರ ಹನ್ನೆರಡು. ಹಾಗೆಂದು ನೀವೇ ಮೊದಲ ದಿನ ಹೇಳಿದ್ದಿರಿ. ಹೊಸದೊಂದು ಬೇಕಾದರೆ ಹಳೆಯದೊಂದನ್ನು ಬಿಡಬೇಕು. ಯಾವುದನ್ನು ಬಿಡುವುದೆಂದು ನಾನು ಬೆಳ್ಮಣ್ಣಿನಿಂದ ಪಡುಬಿದ್ರಿಯವರೆಗೂ ಯೋಚಿಸುತ್ತಿದ್ದೆ. ಅಷ್ಟು ಯೋಚಿಸಿ ನಾನು ಇನ್ನಾವುದನ್ನೂ ಆರಿಸಿದ್ದಿಲ್ಲ.

ಆ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿ ಉಳಿದಿರಬಹುದೇ? ಉಳಿದಿದ್ದರೆ ಆ ಹಾಡುಗಳನ್ನು ಅದೇ ಕ್ರಮದಲ್ಲಿ ಮತ್ತೊಮ್ಮೆ ತುಂಬಿಸಿಕೊಡಲು ಆಗುವುದೇ? ಇಲ್ಲವೆಂದಾದರೆ ಒಂದು ಸಾಲು ಬರೆದರೂ ಸಾಕು.

ವಂದನೆಗಳೊಂದಿಗೆ,
ಕುಶಲಾ


ಕಾರ್ಕಳ
22 ಆಗಸ್ಟ್ 2025

ಕುಶಲಾ ಮೇಡಂ ಅವರಿಗೆ,

ನಿಮ್ಮ ಪತ್ರ ತಲುಪಿತು. ಅಂಗಡಿ ಇದೆ, ಆಡಿಯೊ ಇಲ್ಲ. ಈಗ ಜೆರಾಕ್ಸ್, ಲ್ಯಾಮಿನೇಶನ್, ಅರ್ಜಿ ತುಂಬಿಸುವುದು. ಬೋರ್ಡು ಮಾತ್ರ ಹಳೆಯದೇ.

ಪಕ್ಕದ ಅಂಗಡಿಯಲ್ಲಿ ವಾಚ್ ರಿಪೇರಿ ಮಾಡುವ ಎಡ್ಮಂಡ್ ನಿಮಗೆ ನೆನಪಿರಬಹುದು. ಅಂಚೆಯವರು ಲಕೋಟೆ ಕೊಟ್ಟದ್ದನ್ನು ನೋಡಿ ಕೆಲಸ ಬಿಟ್ಟು ಎದ್ದು ಬಂದ. "ಎಂತ ಡೆರಿಕ್, ಬ್ಯಾಂಕಿನವರಾ, ವಕೀಲರಾ?" ಎಂದು ಕೇಳಿದ. ಇಬ್ಬರೂ ಅಲ್ಲ ಎಂದೆ. "ಹಾಗಾದ್ರೆ ಹೆದರ್ಬೇಡ, ಬಿಡಿಸಿ ಓದು ಮಾರಾಯ" ಎಂದ. ಅವನೆದುರು ಓದಲಿಲ್ಲ.

ಹಳೆಯ ಕಂಪ್ಯೂಟರ್ ಅಟ್ಟದಲ್ಲಿತ್ತು. ಇಳಿಸಿ, ಧೂಳು ಒರೆಸಿ ಹಚ್ಚಿದೆ. ಮೂರನೆಯ ಸಲಕ್ಕೆ ಎದ್ದಿತು. ಆಗೆಲ್ಲ ನಾನು ಬರುವವರ ಹೆಸರು ಕೇಳುತ್ತಿರಲಿಲ್ಲ, ಕೇಳುವುದು ಸರಿಯಲ್ಲವೆಂದು ನನ್ನ ಭಾವನೆ. ಅವರವರ ಹಾಡುಗಳನ್ನು ಊರು, ವಾರ, ಕೆಲಸ ಹೀಗೆ ಏನಾದರೊಂದು ಗುರುತಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. 'ಅಜೆಕಾರು ಮಾಸ್ಟ್ರು' ಎಂದು ಒಬ್ಬರು. 'ಕ್ರಷರ್ ಲಾರಿ' ಎಂದು ಒಬ್ಬರು. ನಿಮ್ಮದು 'ಕಾಪು ಶನಿವಾರ'. ನಿಮ್ಮ ಹೆಸರು ಕುಶಲಾ ಎಂದು ಗೊತ್ತಾದದ್ದು ಈ ಪತ್ರದಿಂದ.

ಹಾಡುಗಳೆಲ್ಲ ಇವೆ. ಕೊನೆಯ ಸಲ ನೀವು ಕೊಟ್ಟ ಪಟ್ಟಿಯನ್ನು ಪ್ರಿಂಟ್ ತೆಗೆದು ಇದರೊಂದಿಗೆ ಇಟ್ಟಿದ್ದೇನೆ. ನೂರ ಹನ್ನೆರಡು, ಸರಿಯಾಗಿ. ಹಿಂದೆ ಒಮ್ಮೆ ನೀವು ಕಂಪ್ಯೂಟರಿನ ತೊಂದರೆಯ ಬಗ್ಗೆ ಹೇಳಿದ್ದಿರಿ, ಪ್ರತಿ ಸಲ ಒಂದು ಹಾಡು ಹೆಚ್ಚು ಬರುತ್ತದೆಂದು. ಆಮೇಲೆ ಹಾಗೆ ಆಗದಂತೆ ನೋಡಿಕೊಂಡಿದ್ದೆ. ಈಗಲೂ ಆಗುವುದಿಲ್ಲ.

ಪ್ಲೇಯರನ್ನು ಕಳುಹಿಸಿದರೆ ಸರಿಮಾಡಲು ನೋಡುತ್ತೇನೆ. ತಡಮಾಡಬೇಡಿ. ಈ ಕಟ್ಟಡವನ್ನು ಕೆಡವಿ ಹೊಸತು ಕಟ್ಟುತ್ತಾರೆ, ಡಿಸೆಂಬರ್ 31ರೊಳಗೆ ನಾವೆಲ್ಲ ಖಾಲಿ ಮಾಡಬೇಕು. ಆಮೇಲೆ ನಾನು ವಸಾಯಿಯಲ್ಲಿರುವ ತಂಗಿ ಐರಿನಳ ಮನೆಗೆ ಹೋಗುವುದೆಂದು ನಿಶ್ಚಯವಾಗಿದೆ. ಆ ಕಂಪ್ಯೂಟರನ್ನು ಅಷ್ಟು ದೂರ ಒಯ್ಯಲಾರೆ.

ಇತಿ,
ಡೆರಿಕ್ ರೊಸಾರಿಯೊ


ಉಡುಪಿ
14 ಸೆಪ್ಟೆಂಬರ್ 2025

ಡೆರಿಕ್ ಅವರಿಗೆ,

ಪ್ಲೇಯರನ್ನು ಹತ್ತಿಯಲ್ಲಿ ಸುತ್ತಿ ಕಳುಹಿಸಿದ್ದೇನೆ. ಇಯರ್‌ಫೋನ್ ಇಲ್ಲ, ಅದು ಎಂದೋ ಹೋಯಿತು.

ಪಟ್ಟಿಯನ್ನು ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ಓದಿದೆ. ಈಗ ಅಲ್ಲಿಯ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಹಾಡುಗಳ ಹೆಸರು ಓದಿದರೆ ಸಾಕು, ರಸ್ತೆಯೇ ಕಾಣುತ್ತದೆ. ಹನ್ನೊಂದನೆಯ ಹಾಡು ಮುಗಿಯುವಾಗ ಪಡುಬಿದ್ರಿ ಬರಬೇಕು. ಬಾರದಿದ್ದರೆ ಆ ದಿನ ಡ್ರೈವರ್ ನಿಧಾನಿ. ಪ್ಲೇಯರಿನ ಪರದೆಯಲ್ಲಿ ಒಂದೇ ಸಾಲು, ಅದರಲ್ಲಿ ಕನ್ನಡ ಬರೆದರೆ ಬರೀ ಚೌಕಗಳು. ಅದಕ್ಕೆ ನೀವು ಹೆಸರಿನ ಬದಲು ಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾವ ಹಾಡೆಂದು ಚೀಟಿಯಲ್ಲಿ ಬರೆದು ಕೊಡುತ್ತಿದ್ದಿರಿ. ನಿಮ್ಮ ಅಕ್ಷರ ಈಗಲೂ ಹಾಗೇ ಇದೆ, ಒಂದಕ್ಕೊಂದು ತಾಗದೆ.

ಒಂದು ವಿಷಯ ಕೇಳಬೇಕಾಗಿದೆ. ಆ ಹೆಚ್ಚಿನ ಹಾಡುಗಳು ಈ ಪಟ್ಟಿಯಲ್ಲಿಲ್ಲ. ನನ್ನ ಚೀಟಿಯಲ್ಲಿ ನೂರ ಹನ್ನೆರಡಕ್ಕೆ ಮುಗಿದರೆ ಪರದೆಯಲ್ಲಿ ನೂರ ಹದಿಮೂರು ಎಂದು ಬರುತ್ತಿತ್ತು. ವಾರಕ್ಕೊಂದು ಬೇರೆ, ಹಿಂದಿನ ವಾರದ್ದು ಇರುತ್ತಿರಲಿಲ್ಲ. ಒಟ್ಟು ಹದಿನಾಲ್ಕು ವಾರ ಹಾಗೆ ಬಂತು. ಅದರಲ್ಲಿ ಪಿಟೀಲಿನಿಂದ ಸುರುವಾಗುವ ಒಂದು ಕೊಂಕಣಿ ಹಾಡಿತ್ತು. ಆ ವಾರವೆಲ್ಲ ಅದನ್ನೇ ಕೇಳಿದ್ದೆ. ನನಗೆ ಕೊಂಕಣಿ ಬಾರದು. ಆದರೂ ಕೆಲಸದ ನಡುವೆ ಅದು ತಾನಾಗಿ ಬಾಯಿಗೆ ಬರುತ್ತದೆ. ಮೊನ್ನೆ ಲ್ಯಾಬಿನ ವನೆಸ್ಸಾ ಕೇಳಿಸಿಕೊಂಡು, ಸ್ಟೂಲಿನಿಂದ ಬೀಳುವಷ್ಟು ನಕ್ಕಳು. "ಮೇಡಂ, ಇದು ಎಲ್ಲಿ ಕಲಿತದ್ದು? ಮದುವೆ ಊಟದಲ್ಲಿ ಮೂರು ಸಲ ಬಡಿಸಿಕೊಂಡ ಮಾವನನ್ನು ಗೇಲಿ ಮಾಡುವ ಹಾಡು!"

ಹದಿನೆಂಟು ವರ್ಷ ನಾನು ಅದನ್ನು ವಿರಹದ ಹಾಡೆಂದು ತಿಳಿದಿದ್ದೆ.

ಆ ಹದಿನಾಲ್ಕು ಹಾಡುಗಳು ಸಿಗುತ್ತವೆಯೇ? ಅವು ನಿಜವಾಗಿಯೂ ಕಂಪ್ಯೂಟರಿನ ತಪ್ಪಿನಿಂದ ಬಂದವೇ?

ಕುಶಲಾ


ಕಾರ್ಕಳ
5 ಅಕ್ಟೋಬರ್ 2025

ಕುಶಲಾ ಅವರಿಗೆ,

ಪ್ಲೇಯರ್ ನಡೆಯುತ್ತದೆ. ಸೆಲ್ ಕೂರುವ ಜಾಗದ ತಗಡು ತಿಂದುಹೋಗಿತ್ತು. ವಿನೆಗರ್ ಹಾಕಿ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ, ಒಂದು ಬದಿಗೆ ಎಡ್ಮಂಡ್ ವಾಚಿನ ಸ್ಪ್ರಿಂಗಿನ ತುಂಡು ಬೆಸುಗೆ ಹಾಕಿಕೊಟ್ಟ. ಗುಂಡಿಗಳು ಒತ್ತಿದರೆ ಈಗಲೂ ಟಕ್ ಎನ್ನುತ್ತವೆ. ಆ ಶಬ್ದವನ್ನು ನಾನು ಮರೆತೇಬಿಟ್ಟಿದ್ದೆ. ಆಗ ದಿನಕ್ಕೆ ಇಪ್ಪತ್ತು ಮೂವತ್ತು ಪ್ಲೇಯರ್ ಕೈಯಲ್ಲಿ ಹಿಡಿಯುತ್ತಿದ್ದವನು ನಾನು. ಪ್ರತಿಯೊಂದರ ಗುಂಡಿಯೂ ಬೇರೆ. ಕಣ್ಣು ಮುಚ್ಚಿ ಯಾರದ್ದೆಂದು ನಾನು ಹೇಳಲಾರೆನೆಂದು ಎಡ್ಮಂಡ್ ಒಮ್ಮೆ ಚಹಾದ ಪಂಥ ಕಟ್ಟಿ ಸೋತಿದ್ದ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಮೂರು ವಾರ ಹಿಡಿಯಿತು. ಮೂರು ಹರಿದುಹಾಕಿದೆ, ಇದು ನಾಲ್ಕನೆಯ ಹಾಳೆ.

ಅದು ಕಂಪ್ಯೂಟರಿನ ತಪ್ಪಲ್ಲ. ನಾನು ಹಾಕಿದ್ದು.

ನಿಮ್ಮ ಪ್ಲೇಯರಿನಲ್ಲಿ ನೂರ ಹದಿಮೂರು ಹಿಡಿಯುತ್ತಿತ್ತು. ಮೊದಲ ದಿನ ನಾನು ಎಣಿಕೆ ತಪ್ಪಿ ಒಂದು ಕಡಿಮೆ ಹೇಳಿದ್ದೆ. ಆಮೇಲೆ ಗೊತ್ತಾದಾಗ ತಿದ್ದಲಿಲ್ಲ. ಒಂದು ಹಾಡಿನಷ್ಟು ಜಾಗ ಖಾಲಿ ಇತ್ತು. ಕೆಲವು ತಿಂಗಳು ಅದನ್ನು ಖಾಲಿಯೇ ಬಿಟ್ಟೆ. ನಿಮ್ಮ ಪಟ್ಟಿ ಓದುತ್ತಾ ಹೋದ ಹಾಗೆ, ಇವರಿಗೆ ಇದು ಇಷ್ಟವಾಗಬಹುದು ಎಂದು ಯಾವುದೋ ಒಂದು ನೆನಪಾಗುತ್ತಿತ್ತು. ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಹಾಡಾದರೆ ಬೇಡವೆನಿಸಿದವರು ಮುಂದಿನ ಗುಂಡಿ ಒತ್ತಬಹುದು. ಕೊಂಕಣಿ ಹಾಡನ್ನು ಆರಿಸಿದ್ದು ಪಿಟೀಲಿಗಾಗಿ. ಅರ್ಥದ ಕಡೆಗೆ ಗಮನ ಕೊಟ್ಟಿರಲಿಲ್ಲ. ಈಗ ನಾಚಿಕೆಯಾಗುತ್ತದೆ.

ನೀವು ದೂರು ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಿಮಗೆ ತೊಂದರೆಯಾಯಿತೆಂದು ತಿಳಿದು ಅಂದೇ ನಿಲ್ಲಿಸಿದೆ. ಕೇಳದೆ ಮಾಡಿದ್ದು ತಪ್ಪು. ಆಗ ಹೇಳಬೇಕಾಗಿದ್ದ ಕ್ಷಮೆಯನ್ನು ಈಗ ಕೇಳುತ್ತಿದ್ದೇನೆ.

ಹದಿನಾಲ್ಕೂ ಹುಡುಕಿ ತೆಗೆದಿದ್ದೇನೆ. ಪಟ್ಟಿ ನೋಡಬೇಕಾಗಲಿಲ್ಲ. ಪ್ಲೇಯರನ್ನು ಯಾವ ವಿಳಾಸಕ್ಕೆ ಕಳುಹಿಸಲಿ, ಮನೆಗೋ ಲ್ಯಾಬಿಗೋ ತಿಳಿಸಿ.

ಡೆರಿಕ್


ಉಡುಪಿ
16 ನವೆಂಬರ್ 2025

ಡೆರಿಕ್ ಅವರಿಗೆ,

ಆರು ವಾರ ಉತ್ತರವಿಲ್ಲದೆ ನೀವು ಏನೆಂದುಕೊಂಡಿರಬಹುದೆಂದು ಊಹಿಸಬಲ್ಲೆ. ಈ ಸಲವೂ ದೂರೆಂದು ತಿಳಿಯಬೇಡಿ.

ಅದು ದೂರಾಗಿರಲಿಲ್ಲ. ನಿಮ್ಮ ಕಂಪ್ಯೂಟರಿಗೆ ಲೆಕ್ಕ ಬರುವುದಿಲ್ಲವೆಂದು ಕಾಣುತ್ತದೆ, ನೂರ ಹನ್ನೆರಡು ಬರೆದುಕೊಟ್ಟರೆ ನೂರ ಹದಿಮೂರು ಬರುತ್ತದೆ: ಈ ಮಾತನ್ನು ನಾನು ಒಂದು ವಾರ ಅಭ್ಯಾಸ ಮಾಡಿದ್ದೆ. ಲ್ಯಾಬಿನಲ್ಲಿ ಗಾಜಿನ ನಳಿಗೆಗಳನ್ನು ತೊಳೆಯುತ್ತಾ ಹೇಳಿಕೊಂಡಿದ್ದೆ. ಹೇಳುವಾಗ ನಗಬೇಕೆಂದಿದ್ದೆ. ಕೌಂಟರಿನ ಎದುರು ಬಂದಾಗ ಹೆದರಿ ನಗು ಬರಲಿಲ್ಲ, ಬರೀ ಮಾತು ಬಂತು. ಹಾಡು ಹಾಕುವವರು ಯಾರೆಂದು ನನಗೆ ಎರಡನೆಯ ವಾರವೇ ಗೊತ್ತಾಗಿತ್ತು. ಕಂಪ್ಯೂಟರ್ ತಪ್ಪಿ ಹಾಕಿದರೆ ಅಷ್ಟು ಸರಿಯಾಗಿ ಆರಿಸುವುದಿಲ್ಲ. ಅದನ್ನು ನಿಮ್ಮ ಬಾಯಿಂದ ಕೇಳಬೇಕಾಗಿತ್ತು. ನೀವು "ಹೌದಾ? ಸರಿ ಮಾಡ್ತೇನೆ" ಎಂದಿರಿ. ಮುಂದಿನ ಶನಿವಾರ ಬಸ್ಸಿನಲ್ಲಿ ಕೊನೆಯ ಹಾಡಿನವರೆಗೆ ಒತ್ತುತ್ತಾ ಹೋದೆ, ನೂರ ಹನ್ನೆರಡಕ್ಕೆ ನಿಂತಿತು. ಗುಂಡಿ ಒತ್ತಿದೆ, ಒಂದಕ್ಕೆ ಹೋಯಿತು. ಇವರಿಗೆ ಬೇಸರ ಬಂತು, ನಾನು ಹೇಳಿದ್ದು ಬಿಡಲು ಒಂದು ನೆಪವಾಯಿತು ಎಂದುಕೊಂಡೆ.

ಮರುವರ್ಷ ಮದುವೆಯ ಮಾತು ಬಂತು, ಒಪ್ಪಿದೆ. ಆ ಕಾರಣಕ್ಕೇ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಶೇಖರ ಒಳ್ಳೆಯ ಮನುಷ್ಯ. ಹನ್ನೊಂದು ವರ್ಷ ಜೊತೆಗಿದ್ದೆವು, ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ಬಗ್ಗೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದ್ದನ್ನು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ ತಡವಾದದ್ದು ಸುಗಂಧಿಯಿಂದ. ಅವಳು ಶೇಖರರ ತಂಗಿ. ಅವಳಿಗೆ ಹೇಳದೆ ಬರೆಯುವುದು ಸರಿ ಕಾಣಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಕಡೆಗೆ ಹೋದ ಭಾನುವಾರ ಮೀನು ಕೊಯ್ಯುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಅವಳು ಕೈ ತೊಳೆದು ಬಂದು ಕುಳಿತಳು.

"ಅಂದ್ರೆ ಅತ್ತಿಗೆ, ಒಬ್ಬರು ಹಾಡು ಹಾಕಿದ್ದು, ಇನ್ನೊಬ್ಬರು ಕೇಳಿದ್ದು, ಇಬ್ಬರಿಗೂ ಖುಷಿಯಾದದ್ದು. ಮತ್ತೆ ಇಬ್ಬರೂ ಸೇರಿ ಕಂಪ್ಯೂಟರಿಗೆ ಬೈದದ್ದು. ಅಲ್ವಾ?"

ಹೌದು ಎಂದೆ.

"ಆ ಕಂಪ್ಯೂಟರಿನ ಪಾಪ ಎಲ್ಲಿ ತೊಳೀತೀರಿ?"

ಆಮೇಲೆ ಗೋಡೆಯ ಮೇಲಿನ ಶೇಖರರ ಫೋಟೊ ಕಡೆ ನೋಡಿದಳು. ಅವಳು ಅಣ್ಣನನ್ನು ನೆನೆಯುತ್ತಿದ್ದಾಳೆಂದು ನನಗೆ ತಿಳಿಯಿತು. "ಬರೀರಿ" ಎಂದಳು. ಎದ್ದುಹೋಗಿ ಸಾರಿಗೆ ಉಪ್ಪು ಹಾಕಿದಳು, ನಾನು ಮೊದಲೇ ಹಾಕಿದ್ದೆ.

ಬರೆಯುತ್ತಿದ್ದೇನೆ. ನೀವು ಡಿಸೆಂಬರ್ ಕೊನೆಗೆ ವಸಾಯಿಗೆ ಹೋಗುತ್ತೀರಿ. ನಿಮ್ಮ ತಂಗಿ ಕಾಯುತ್ತಿರುತ್ತಾರೆ. ಹೋಗಬೇಡಿ ಎನ್ನುವ ಹಕ್ಕು ನನಗಿಲ್ಲ. ಆದರೆ ನೀವು ಹೋದರೆ ನನಗೆ ಬೇಸರವಾಗುತ್ತದೆ. ಇದು ತಮಾಷೆಯಲ್ಲ, ದೂರೂ ಅಲ್ಲ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬಾರದು.

ಪ್ಲೇಯರನ್ನು ಅಂಚೆಯಲ್ಲಿ ಕಳುಹಿಸಬೇಡಿ. ಡಿಸೆಂಬರ್ 6, ಶನಿವಾರ ಮಧ್ಯಾಹ್ನ ಬಂದು ತೆಗೆದುಕೊಳ್ಳುತ್ತೇನೆ. ಬರಬಾರದೆಂದಾದರೆ ತಿಳಿಸಿ.

ಕುಶಲಾ


(ಅಂಚೆ ಕಾರ್ಡು)

ಕಾರ್ಕಳ
24 ನವೆಂಬರ್ 2025

ಕುಶಲಾ ಅವರಿಗೆ,
ಬನ್ನಿ. ಶನಿವಾರ ಎರಡು ಗಂಟೆಗೆ ಬಾಗಿಲು ಹಾಕುತ್ತೇನೆ, ಆ ದಿನ ಹಾಕುವುದಿಲ್ಲ. ನಿಲ್ದಾಣದ ಎದುರು ರಸ್ತೆ ಅಗೆದಿದ್ದಾರೆ, ಬಸ್ಸು ಸ್ವಲ್ಪ ಹಿಂದೆಯೇ ನಿಲ್ಲುತ್ತದೆ. ನಡೆಯುವಾಗ ಜಾಗ್ರತೆ.
ಡೆರಿಕ್


ಕಾರ್ಕಳ
8 ಡಿಸೆಂಬರ್ 2025

ಪ್ರೀತಿಯ ಐರಿನ್,

ಫೋನಿನಲ್ಲಿ ಹೇಳಬಹುದಾಗಿತ್ತು. ಹೇಳಿದರೆ ನೀನು ನಡುವೆ ಕಿರುಚುತ್ತೀ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ. ಕುಳಿತು ಓದು.

ಕಾಪುವಿನ ಕಡೆಯವರೊಬ್ಬರು ಹಳೆಯ ಪ್ಲೇಯರ್ ಕಳುಹಿಸಿದ್ದಾರೆಂದು ಸೆಪ್ಟೆಂಬರಿನಲ್ಲಿ ಹೇಳಿದ್ದೆ. ಅವರ ಹೆಸರು ಕುಶಲಾ. ಉಳಿದದ್ದನ್ನು ನಾನು ಹೇಳಿರಲಿಲ್ಲ. ಮೊನ್ನೆ ಶನಿವಾರ ಅವರು ಅಂಗಡಿಗೆ ಬಂದರು. ಜೊತೆಯಲ್ಲಿ ಅವರ ನಾದಿನಿ ಸುಗಂಧಿ ಎಂಬವರೂ ಇದ್ದರು. ಅಂಗಡಿಯಲ್ಲಿ ಆಗ ರೇಶನ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಲು ಒಬ್ಬ ಹೆಂಗಸು ಕಾಯುತ್ತಿದ್ದರು. ಮಿಷನ್ ಇನ್ನೂ ಬಿಸಿಯಾಗಿರಲಿಲ್ಲ.

ಕುಶಲಾ ಅವರಿಗೆ ಈಗ ಕನ್ನಡಕ ಬಂದಿದೆ. ನನಗೆ ಹೊಟ್ಟೆ ಬಂದಿದೆ. ಇಬ್ಬರೂ ಅದನ್ನು ನೋಡಿಕೊಂಡೆವು, ಹೇಳಲಿಲ್ಲ. ಪ್ಲೇಯರ್ ಕೊಟ್ಟೆ, ಅವರು ಅದನ್ನು ಚೀಲದೊಳಗೆ ಹಾಕಿದರು.

ಸುಗಂಧಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಮೀನು ತಿಂತೀರಲ್ಲ?" ಎಂದು ಕೇಳಿದರು.

"ತಿಂತೇನೆ."

"ಆಯ್ತು. ನನ್ನ ಪ್ರಶ್ನೆ ಅಷ್ಟೇ. ಇನ್ನು ನೀವು ಮಾತಾಡಿ."

ಕುಶಲಾ ಕೌಂಟರಿನ ಮೇಲಿದ್ದ ಅರ್ಜಿಗಳನ್ನು ಜೋಡಿಸುತ್ತಾ ಕೇಳಿದರು: "ವಸಾಯಿಗೆ ಯಾವಾಗ ಹೊರಡುವುದು?"

ನಾನು ಹೇಳಿದೆ: "ಹೋಗುವುದಿಲ್ಲ. ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾತಾಡಿ ಆಗಿದೆ. ಜನವರಿ ಐದರಿಂದ."

"ಯಾವಾಗ ಮಾತಾಡಿದ್ದು?"

"ನಿಮ್ಮ ಪತ್ರ ಸಿಕ್ಕಿದ ಮರುದಿನ."

"ಕಾರ್ಡಿನಲ್ಲಿ ಬರೆಯಬಹುದಿತ್ತಲ್ಲ? ರಸ್ತೆ ಅಗೆದದ್ದು ಬರೆದಿದ್ದೀರಿ!"

ನಾನು ಮಿಷನಿನ ಬಿಸಿ ಮುಟ್ಟಿ ನೋಡಿದೆ, ಐರಿನ್. ಸುಗಂಧಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಇವರನ್ನು ಹೀಗೇ ಬಿಟ್ಟರೆ ಇನ್ನೂ ಹದಿನೆಂಟು ವರ್ಷ ಬೇಕು" ಎಂದು ರೇಶನ್ ಕಾರ್ಡಿನ ಹೆಂಗಸಿಗೆ ಹೇಳಿದರು. ಆ ಹೆಂಗಸಿಗೆ ಏನೂ ಅರ್ಥವಾಗದಿದ್ದರೂ ಹೌದು ಹೌದು ಎಂದರು. ಆಚೆ ಅಂಗಡಿಯಲ್ಲಿ ಎಡ್ಮಂಡ್ ಕೆಮ್ಮಿದ. ಅವನಿಗೆ ಕೆಮ್ಮಿಲ್ಲ.

ಕುಶಲಾ ಕೇಳಿದರು: "ಮಣಿಪಾಲದಲ್ಲಿ ಕೆಲಸ ಒಳ್ಳೆಯದು ಅಂತ ಹೋಗುವುದಾ?"

ಅವರು ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಈ ಸಲ ತಪ್ಪಿದರೆ ದೂರಲು ಕಂಪ್ಯೂಟರ್ ಕೂಡ ಇಲ್ಲ. ನಾನು ಹೇಳಿದೆ: "ಕೆಲಸ ಎಲ್ಲಿಯಾದರೂ ಸಿಗ್ತದೆ. ನೀವು ಅಲ್ಲಿದ್ದೀರಿ ಅಂತ ಹೋಗುವುದು. ನಿಮ್ಮ ಜೊತೆ ಇರಬೇಕು ಅಂತ ನನಗೆ ಆಸೆ ಉಂಟು. ಆಗಲೂ ಇತ್ತು."

ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ರೇಶನ್ ಕಾರ್ಡಿನ ಹೆಂಗಸು, "ಅಣ್ಣ, ನನ್ನದೊಂದು ಕೊಟ್ಟು ಆಮೇಲೆ ಹೇಳಿ, ನನಗೆ ಬಸ್ಸು ಹೋಗ್ತದೆ" ಎಂದರು.

ಮಿಷನ್ ಬಿಸಿಯಾಗಿತ್ತು. ಕಾರ್ಡು ಹಾಕಿದೆ. ಅದು ಆಚೆ ಬದಿಯಿಂದ ಹೊರಬಂತು. ಸ್ವಲ್ಪ ಓರೆಯಾಗಿತ್ತು, ಆ ಹೆಂಗಸು ಪಾಪ ಏನೂ ಹೇಳದೆ ತೆಗೆದುಕೊಂಡು ಹೋದರು. ಆಗ ಕುಶಲಾ, "ಕೇಳಿಸಿತು" ಎಂದರು. ಅಷ್ಟೇ. ಆಮೇಲೆ ಅವರು ನಕ್ಕರು. ಈ ಸಲ ನಗು ಸರಿಯಾದ ಹೊತ್ತಿಗೆ ಬಂತು ಎಂದು ತಾವೇ ಹೇಳಿಕೊಂಡರು.

ಮೂವರೂ ಎದುರಿನ ಹೋಟೆಲಿಗೆ ಹೋಗಿ ಬನ್ಸ್ ತಿಂದೆವು. ಎಡ್ಮಂಡನನ್ನು ಕರೆದಿರಲಿಲ್ಲ, ಅವನೂ ಬಂದ. ಕುಶಲಾ ತುಳುವಿನಲ್ಲಿ ಮಾತಾಡಿದರು, ನಾನೂ ಮಾತಾಡಿದೆ. ಲ್ಯಾಬಿನ ಕಥೆ, ಶೇಖರರ ಕಥೆ, ಸುಗಂಧಿಗೆ ಎರಡು ಸಲ ತಪ್ಪಿದ ಡ್ರೈವಿಂಗ್ ಲೈಸನ್ಸಿನ ಕಥೆ. ಅವರು ಇಷ್ಟು ಮಾತಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಾಲ್ಕೂವರೆಯ ಬಸ್ಸಿಗೆ ಹತ್ತಿಸಿ ಬಂದೆ.

ನೀನು ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಮದುವೆಯಾ, ಚರ್ಚಿನಲ್ಲಿ ಏನು ಹೇಳುವುದು, ಅವರ ಕಡೆಯವರು ಒಪ್ಪುತ್ತಾರಾ, ಇಷ್ಟು ವರ್ಷ ಒಬ್ಬನೇ ಇದ್ದವನಿಗೆ ಈ ವಯಸ್ಸಿನಲ್ಲಿ ಯಾಕೆ. ಒಂದೊಂದಾಗಿ ನೋಡೋಣ ಎಂದು ಕುಶಲಾ ಹೇಳಿದ್ದಾರೆ, ನಾನು ಒಪ್ಪಿದ್ದೇನೆ. ನನಗಾಗಿ ನೀನು ಸುಣ್ಣ ಹೊಡೆಸಿದ ಕೋಣೆಯನ್ನು ಮಕ್ಕಳಿಗೆ ಓದಲು ಕೊಡು. ಬೇಸರ ಮಾಡಿಕೊಳ್ಳಬೇಡ. ಈಸ್ಟರಿಗೆ ಬರುತ್ತೇನೆ, ಒಬ್ಬನೇ ಬರುತ್ತೇನೋ ಇಲ್ಲವೋ ಆಗ ತಿಳಿಸುತ್ತೇನೆ.

ಬರುವ ಭಾನುವಾರ ಚರ್ಚಿನ ಪೂಜೆ ಮುಗಿಸಿ ಉಡುಪಿಗೆ ಊಟಕ್ಕೆ ಹೋಗಬೇಕು. ಇರುವ ಅಂಗಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ನೋಡಿದೆ, ಒಂದೂ ಆಗುವಂಥದ್ದಿಲ್ಲ. ನಾಳೆ ಹೊಸತೊಂದು ಕೊಳ್ಳಲು ಹೊರಟಿದ್ದೇನೆ. ಎಡ್ಮಂಡ್ ಜೊತೆಗೆ ಬರುತ್ತಾನಂತೆ, ಬೇಡವೆಂದರೂ ಕೇಳುವುದಿಲ್ಲ.

ಮಕ್ಕಳಿಗೆ ನನ್ನ ಪ್ರೀತಿ.

ನಿನ್ನ ಅಣ್ಣ,
ಡೆರಿಕ್